ಗೋಣಿಚೀಲಕ್ಕೆ ಹತ್ತಿದ ಲೋಳೆ: ಒಂದು ಹೊಂಡದಲ್ಲಿ ಮೀನು ಸತ್ತ ಪ್ರಕರಣ

ಇದು ಕಲಬುರಗಿ ಜಿಲ್ಲೆಯ ಒಂದು ಕೃಷಿ ಹೊಂಡದ ಕಥೆ. ಊರಿನ ಹೆಸರು ಬೇಡ, ಹೊಂಡದವರ ಹೆಸರೂ ಬೇಡ. ಅವರನ್ನು ಯಜಮಾನರು ಅಂತ ಕರೆಯುತ್ತೇನೆ. ನಾನು ಮೀನು ಸಾಕುವವರಿಗೆ ಸಲಹೆ ಕೊಡುವವನು. ಈ ಪ್ರಕರಣದಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಬರೆಯುತ್ತೇನೆ.

ಹಿನ್ನೆಲೆ

ಎಂಟು ಎಕರೆ ಎರೆ ಭೂಮಿ. ಅರ್ಧಕ್ಕಿಂತ ಜಾಸ್ತಿ ತೊಗರಿ, ಉಳಿದದ್ದು ಜೋಳ, ಕಡಲೆ. ಹೊಲದ ಮೂಲೆಯಲ್ಲಿ ಒಂದು ಹೊಂಡ: ಉದ್ದಗಲ 21 ಮೀಟರ್, ಆಳ 3 ಮೀಟರ್, ತಳಕ್ಕೆ ಪ್ಲಾಸ್ಟಿಕ್ ಹಾಳೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಇಂಥ ಹೊಂಡಗಳು ತುಂಬಾ ಆದವು. ಮಳೆ ಕೈಕೊಟ್ಟಾಗ ತೊಗರಿಗೆ ಒಂದು ನೀರು ಕೊಡಲಿಕ್ಕೆ ತೋಡಿದ್ದು. ನೀರು ಹೇಗೂ ಇದೆ, ಮೀನು ಬಿಟ್ಟರೇನು ಅಂತ ಆಮೇಲೆ ಹೊಳೆದದ್ದು.

ಆಗಸ್ಟಿನಲ್ಲಿ 600 ಮರಿ ಬಿಟ್ಟರು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಬೆಳಿಗ್ಗೆ ಸಂಜೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು. ತಿಂಗಳಿಗೊಮ್ಮೆ ಬಲೆ ಎಳೆದು ತೂಕ ನೋಡಿ ಎಂದು ಹೇಳಿದ್ದು ನಾನೇ. ತೂಕ ಗೊತ್ತಿಲ್ಲದೆ ತಿಂಡಿ ಎಷ್ಟು ಹಾಕಬೇಕು ಅಂತ ಲೆಕ್ಕ ಸಿಗುವುದಿಲ್ಲ. ಆದರೆ ತೂಕ ಹೇಗೆ ನೋಡಬೇಕು ಅಂತ ನಾನು ಹೇಳಿರಲಿಲ್ಲ. ಅವರೂ ಕೇಳಲಿಲ್ಲ. ತೂಕ ನೋಡುವುದರಲ್ಲಿ ಹೇಳಿಕೊಡುವಂಥದ್ದು ಏನಿದೆ, ಅಲ್ವಾ?

ಅಕ್ಟೋಬರ್ ಕೊನೆಗೆ ಮೊದಲ ಬಲೆ. ಮೂರು ಮೀನು ಸತ್ತವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಡಿಸೆಂಬರಿನ ಬಲೆ

ಎರಡನೇ ಬಲೆ ಬಿದ್ದದ್ದು ಡಿಸೆಂಬರ್ ಮಧ್ಯದಲ್ಲಿ. ಅವತ್ತು ಮನೆಗೆ ಬೀಗರು ಬಂದಿದ್ದರು. ಮೀನು ತೋರಿಸಬೇಕಲ್ಲ. ಭೀಮಾ ತೀರದ ಮೀನುಗಾರರಿಂದ ತಂದ ಗಂಟು ನೈಲಾನ್ ಬಲೆಯಿಂದ ಸುಮಾರು 150 ಮೀನು ಹಿಡಿದರು. ಫೋಟೋ ಆಯಿತು, ವಿಡಿಯೋ ಆಯಿತು, ತೂಕವೂ ಆಯಿತು. ಸರಾಸರಿ ಕಾಲು ಕಿಲೋ. ಎಲ್ಲರಿಗೂ ಖುಷಿ.

ಅವತ್ತು ಸಂಜೆ ತಿಂಡಿ ಹಾಕಿದರೆ ಒಂದು ಮೀನೂ ಮೇಲೆ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ಫೋನ್ ಬಂತು.

"ಸರ್ರ, ಮೀನ ಸಾಯ್ಲಕತ್ತಾವ. ಮೈಮ್ಯಾಲ ಹತ್ತಿ ಹತ್ತಿದಂಗ ಅದ."

ಹತ್ತಿಯಂತೆ ಕಂಡದ್ದು ಸಪ್ರೊಲೆಗ್ನಿಯಾ ಎಂಬ ನೀರಿನ ಬೂಷ್ಟು. ಅಷ್ಟು ಫೋಟೋದಲ್ಲೇ ಗೊತ್ತಾಯಿತು. ಆದರೆ ಈ ಬೂಷ್ಟಿನ ಬೀಜಕಣ ಬಹುತೇಕ ಎಲ್ಲ ಸಿಹಿನೀರಲ್ಲೂ ಇರುತ್ತವೆ. ಗಟ್ಟಿ ಮೀನಿಗೆ ಅಂಟುವುದಿಲ್ಲ. ಈ ಮೀನುಗಳಿಗೆ ಯಾಕೆ ಅಂಟಿತು ಎಂಬುದು ನಿಜವಾದ ಪ್ರಶ್ನೆ. ಅದನ್ನು ಬಿಟ್ಟು ಬೂಷ್ಟಿಗೆ ಏನು ಮದ್ದು ಅಂತ ಎಲ್ಲರೂ ಹೊರಟೆವು, ನಾನೂ ಸೇರಿ.

ಎಡವಿದ್ದು

ನಾನು ಫೋನಲ್ಲೇ ನೀರು ಕೆಟ್ಟಿರಬೇಕು ಅಂದೆ. ಸತ್ತದ್ದರಲ್ಲಿ ಕಾಟ್ಲಾ ಜಾಸ್ತಿ ಇತ್ತು. ನೀರಲ್ಲಿ ಆಮ್ಲಜನಕ ಕಡಿಮೆಯಾದರೆ ಮೊದಲು ಹೋಗುವುದೂ ಕಾಟ್ಲಾನೇ. ಹೊಂದಿಕೊಂಡ ಹಾಗೆ ಕಂಡಿತು. ತಿಂಡಿ ನಿಲ್ಲಿಸಿ, ಹೊಸ ನೀರು ಬಿಡಿ, ಸ್ವಲ್ಪ ಸುಣ್ಣ ಹಾಕಿ ಅಂತ ಹೇಳಿದೆ. ಹಾಕಿದರು. ಸಾವು ನಿಲ್ಲಲಿಲ್ಲ.

ಅಷ್ಟರಲ್ಲಿ ಔಷಧದ ಅಂಗಡಿಯೊಂದರಲ್ಲಿ ಪೊಟ್ಯಾಶಿಯಂ ಪರ್ಮಾಂಗನೇಟ್ ಕೊಟ್ಟಿದ್ದರು. ಐದನೇ ದಿನ ಎರಡು ಕಿಲೋ, ಎಂಟನೇ ದಿನ ಮತ್ತೆ ಎರಡು ಕಿಲೋ. ಲೆಕ್ಕ ಹಾಕಿ ನೋಡಿದೆ. ಆಗ ಹೊಂಡದಲ್ಲಿ ಎರಡು ಮೀಟರ್ ನೀರು, ದಂಡೆಯ ಇಳಿಜಾರು ಕಳೆದರೆ ಸುಮಾರು 5.8 ಲಕ್ಷ ಲೀಟರ್. ಅಂದರೆ ಲೀಟರಿಗೆ 3.4 ಮಿಲಿಗ್ರಾಂ ಆಗುತ್ತದೆ. ಪುಸ್ತಕದ ಲೆಕ್ಕ 2ರಿಂದ 4. ಪ್ರಮಾಣದಲ್ಲಿ ತಪ್ಪಿರಲಿಲ್ಲ. ಬಕೆಟ್ಟಿನಲ್ಲಿ ಕಲಸಿ ಒಂದೇ ಮೂಲೆಗೆ ಸುರಿದದ್ದು ತಪ್ಪು. ಮೂರೇ ದಿನಕ್ಕೆ ಮತ್ತೆ ಹಾಕಿದ್ದು ಇನ್ನೂ ದೊಡ್ಡ ತಪ್ಪು. ಈ ಹರಳು ಸಿಕ್ಕ ಸಿಕ್ಕ ಜೈವಿಕ ವಸ್ತುವನ್ನೆಲ್ಲ ಸುಡುತ್ತದೆ. ಅದಕ್ಕೆ ಬೂಷ್ಟು ಯಾವುದು, ಮೀನಿನ ಲೋಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ತಳದ ಹೊಂಡದಲ್ಲಿ ಅದರ ಬಲ ಹೀರಿಕೊಳ್ಳಲು ಕೆಸರೂ ಇರಲಿಲ್ಲ.

ಹನ್ನೆರಡನೇ ದಿನಕ್ಕೆ 47 ಮೀನು ಹೋಗಿದ್ದವು. 31 ಕಾಟ್ಲಾ, 12 ರೋಹು, 4 ಗೆಂಡೆ. ಅವತ್ತು ನಾನು ಹೊಂಡಕ್ಕೆ ಹೋದೆ. ಎಂಟು ದಿನ ಮೊದಲೇ ಹೋಗಬೇಕಿತ್ತು.

ಚೀಲ

ಬೆಳಿಗ್ಗೆ ಆರೂವರೆಗೆ ಆಮ್ಲಜನಕ ನೋಡಿದೆ, ಚೆನ್ನಾಗಿತ್ತು. ಅಮೋನಿಯಾ ಇಲ್ಲ. ಮೀನು ಹೇನೂ ಇಲ್ಲ. ನೀರಿನ ಬಿಸಿ 19 ಡಿಗ್ರಿ. ನನ್ನ ಅಂದಾಜು ಅಲ್ಲಿಗೆ ಬಿದ್ದುಹೋಯಿತು.

ಸತ್ತ ಏಳೆಂಟು ಮೀನುಗಳನ್ನು ಸಾಲಾಗಿ ಇಟ್ಟು ನೋಡಿದೆ. ಗಾಯ ಎಲ್ಲೆಂದರಲ್ಲಿ ಇರಲಿಲ್ಲ. ಬಾಯಿ, ಕಿವಿರು ಸ್ವಚ್ಛ. ಪಕ್ಕೆಯ ಉಬ್ಬಿದ ಭಾಗದಲ್ಲಿ ಮಾತ್ರ ಅಂಗೈಯಷ್ಟು ಜಾಗ ಮಂಕಾಗಿತ್ತು. ಅದರ ಮೇಲೆ ಅಡ್ಡ ಉದ್ದ ಸಣ್ಣ ಗೀರು, ನೇಯ್ದ ಬಟ್ಟೆ ಒತ್ತಿದ ಹಾಗೆ.

"ತೂಕ ಯಾವುದರಾಗ ಮಾಡಿದ್ರಿ?" ಅಂತ ಕೇಳಿದೆ.

ಶೆಡ್ಡಿನಿಂದ ಒಂದು ತೊಗರಿ ಗೋಣಿಚೀಲ ತಂದರು. ಐದಾರು ಮೀನು ಒಟ್ಟಿಗೆ ತುಂಬಿ ಕೊಕ್ಕೆ ತಕ್ಕಡಿಗೆ ನೇತುಹಾಕಿದ್ದಂತೆ. ಅದಕ್ಕೂ ಮೊದಲು ಮೀನನ್ನೆಲ್ಲ ಶೆಡ್ಡಿನ ಶಹಾಬಾದ್ ಕಲ್ಲಿನ ಮೇಲೆ ಸುರಿದಿದ್ದರು, ಬೀಗರಿಗೆ ಸರಿಯಾಗಿ ಕಾಣಲಿ ಅಂತ. ಚೀಲದ ಒಳಮೈ ಹೊರಳಿಸಿದೆ. ಗೋಣಿಯ ಎಳೆಗಳ ಮೇಲೆ ಏನೋ ಒಣಗಿ ಗಟ್ಟಿಯಾಗಿ, ಅಂಟು ಬಳಿದ ಹಾಗೆ ಬಿಸಿಲಿಗೆ ಮಿನುಗುತ್ತಿತ್ತು. ಮಧ್ಯೆ ಮಧ್ಯೆ ಹುರುಪೆ ಸಿಕ್ಕಿಕೊಂಡಿದ್ದವು. ಉಗುರಲ್ಲಿ ಕೆರೆದರೆ ಹಾಳೆ ಹಾಳೆಯಾಗಿ ಬಂತು. ಮೀನಿನ ಮೈಮೇಲೆ ಇರಬೇಕಾದದ್ದು ಚೀಲದಲ್ಲಿತ್ತು.

ಇಲ್ಲಿ ಮೀನಿನ ಚರ್ಮದ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾವೆಲ್ಲ ಹುರುಪೆಯೇ ಮೀನಿನ ಹೊರಗವಚ ಅಂದುಕೊಂಡಿದ್ದೇವೆ. ಅಲ್ಲ. ಹುರುಪೆ ಇರುವುದು ಒಳಚರ್ಮದಲ್ಲಿ. ಅದರ ಮೇಲೆ ತೆಳ್ಳಗೆ ಕಾಗದದ ಹಾಗೆ ಇನ್ನೊಂದು ಚರ್ಮ ಹೊದ್ದುಕೊಂಡಿರುತ್ತದೆ. ಆ ಪದರ ತುದಿಯವರೆಗೂ ಜೀವಂತ. ನಮ್ಮ ಚರ್ಮದ ಮೇಲ್ಭಾಗ ಸತ್ತ ಕೋಶಗಳ ಪೊರೆ, ಒಂದಿಷ್ಟು ಉಜ್ಜಿದರೂ ನಡೆಯುತ್ತದೆ. ಮೀನಿಗೆ ಆ ಸತ್ತ ಪೊರೆ ಇಲ್ಲ. ಬೆರಳು ತಾಗಿದರೂ ಬದುಕಿರುವ ಕೋಶಕ್ಕೇ ತಾಗಿದ ಹಾಗೆ. ಹುರುಪೆ ಉದುರಿದೆ ಅಂದರೆ ಮೇಲಿನ ಚರ್ಮ ಅದಕ್ಕೂ ಮೊದಲೇ ಹರಿದಿದೆ ಅಂತ ಅರ್ಥ.

ಆ ಪದರದಲ್ಲಿ ಬೇರೆ ಬೇರೆ ಕೆಲಸದ ಕೋಶಗಳಿವೆ. ಲೋಳೆ ಕೋಶಗಳು ಮೇಲ್ಮೈಗೆ ಬಾಯಿ ತೆರೆದುಕೊಂಡು ಲೋಳೆ ಸುರಿಸುತ್ತವೆ. ಆ ಲೋಳೆ ನೀರು ಹೀರಿ ಉಬ್ಬುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಇದೆ, ಪ್ರತಿಕಾಯಗಳಿವೆ. ಹಳೆ ಲೋಳೆ ಸದಾ ಜಾರಿಹೋಗುತ್ತಾ, ಹೊಸದು ಬರುತ್ತಾ ಇರುತ್ತದೆ. ಅಂಟಲು ಬಂದ ಬೀಜಕಣ ಬೇರೂರುವ ಮೊದಲೇ ಕೊಚ್ಚಿಹೋಗುತ್ತದೆ. ಇನ್ನು ಗೆಂಡೆ ಜಾತಿಯ ಮೀನುಗಳಲ್ಲಿ ಗದೆ ಕೋಶ ಅಂತ ಇವೆ. ದಪ್ಪ ಕೋಶ, ಆದರೆ ಹೊರಗೆ ಬಾಯಿಯೇ ಇಲ್ಲ. ಒಳಗಿನದು ಹೊರಗೆ ಬರಬೇಕಾದರೆ ಕೋಶವೇ ಒಡೆಯಬೇಕು. ಅದರ ಕಥೆ ಮುಂದೆ ಬರುತ್ತದೆ.

ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರ ಬಳಿ ಚರ್ಮದ ಎರಡು ತುಂಡು ಫಾರ್ಮಲಿನ್‌ನಲ್ಲಿಟ್ಟು ಕೊಟ್ಟೆ. ಒಂದು ಅವತ್ತೇ ಹೊಂಡದಿಂದ ತೆಗೆದ ಗಟ್ಟಿ ಗೆಂಡೆಯದು, ಇನ್ನೊಂದು ಕಾಟ್ಲಾದ ಗಾಯದ ಅಂಚಿನದು. ಅವರು ತೆಳ್ಳಗೆ ಕೊಯ್ದು ಬಣ್ಣ ಕೊಟ್ಟು ತೋರಿಸಿದರು. ಗೆಂಡೆಯ ಚರ್ಮದಲ್ಲಿ ಲೋಳೆ ಕೋಶಗಳು ಗುಲಾಬಿ ಬಣ್ಣದ ಬಟ್ಟಲುಗಳಂತೆ ಸಾಲು ಸಾಲಾಗಿದ್ದವು. ಗದೆ ಕೋಶ ಆ ಬಣ್ಣ ಹೀರುವುದಿಲ್ಲ. ಅವು ಮಸುಕಾಗಿ ದೊಡ್ಡದಾಗಿ ನಡುವೆ ನಿಂತಿದ್ದವು, ಕೆಲವಕ್ಕೆ ಎರಡೆರಡು ಕೋಶಕೇಂದ್ರ. ಕಾಟ್ಲಾದ ತುಂಡಿನಲ್ಲಿ ಅಂಚಿನ ಕಡೆ ಪದರ ತೆಳುವಾಗುತ್ತಾ ಹೋಗಿ ಒಂದು ಕಡೆ ನಿಂತೇಬಿಟ್ಟಿತ್ತು. ಅಲ್ಲಿಂದಾಚೆ ಚರ್ಮವಿಲ್ಲ, ಬರೀ ಬೂಷ್ಟಿನ ಎಳೆ. ಒಂದೇ ಜಾತಿಯ ಎರಡು ಮೀನು ಹೋಲಿಸಬೇಕಿತ್ತು, ನಿಜ. ಕೈಗೆ ಸಿಕ್ಕ ಗಟ್ಟಿ ಮೀನು ಅದೊಂದೇ.

ಹಾಗಾದರೆ ಅಕ್ಟೋಬರಿನಲ್ಲಿ ಯಾಕೆ ಹೀಗಾಗಲಿಲ್ಲ? ಚೀಲ ಅದೇ, ಬಲೆ ಅದೇ. ಈ ಪ್ರಶ್ನೆ ಕೇಳಿದವರು ಯಜಮಾನರು. ಒಳ್ಳೆಯ ಪ್ರಶ್ನೆ. ಮೀನಿಗೆ ತರಚಿದರೆ ಸುತ್ತಲಿನ ಕೋಶಗಳು ಹೊಸ ಕೋಶ ಹುಟ್ಟುವವರೆಗೆ ಕಾಯುವುದಿಲ್ಲ. ತಾವೇ ತೆವಳಿಕೊಂಡು ಬಂದು ಗಾಯ ಮುಚ್ಚುತ್ತವೆ. ಪ್ರಾಣಿಗಳ ಕೋಶಗಳಲ್ಲಿ ಇಷ್ಟು ಬೇಗ ತೆವಳುವವು ಕಡಿಮೆ. ಬೆಚ್ಚಗಿನ ನೀರಲ್ಲಿ ಸಣ್ಣ ಗಾಯ ಕೆಲವೇ ಗಂಟೆಗಳಲ್ಲಿ ಮುಚ್ಚಿಹೋಗುತ್ತದೆ. ನೀರು ತಣ್ಣಗಾದರೆ ಈ ತೆವಳಾಟ ನಿಧಾನ. ಸಪ್ರೊಲೆಗ್ನಿಯಾಕ್ಕೆ ತಣ್ಣೀರೇ ಇಷ್ಟ. ಡಿಸೆಂಬರಿನಲ್ಲಿ ಬೂಷ್ಟು ಮೊದಲು ತಲುಪಿತು, ಚರ್ಮ ತಡವಾಗಿ ತಲುಪಿತು. ಜೊತೆಗೆ ಮೀನು ಅಕ್ಟೋಬರಿಗಿಂತ ಭಾರವಾಗಿದ್ದವು, ಚೀಲದಲ್ಲಿ ಒಂದರ ಮೇಲೊಂದು ಒತ್ತಿಕೊಂಡವು. ಕಾಟ್ಲಾ ಯಾಕೆ ಜಾಸ್ತಿ ಸತ್ತಿತು ಎಂಬುದಕ್ಕೂ ಇಲ್ಲೇ ಉತ್ತರ: ಕೈಯಾಡಿಸುವುದನ್ನು ಗೆಂಡೆ ತಡೆದುಕೊಳ್ಳುತ್ತದೆ, ಕಾಟ್ಲಾ ತಡೆಯುವುದಿಲ್ಲ.

ಟಬ್ಬಿನ ಪರೀಕ್ಷೆ

ತಿಂಡಿಗೆ ಬರದೇ ಇದ್ದದ್ದರ ಬಗ್ಗೆ ನನಗೊಂದು ಅನುಮಾನ ಇತ್ತು. ಜೇನುನೊಣಗಳ ಕುಣಿತದ ಅರ್ಥ ಬಿಡಿಸಿದ ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್, ಮೀನಿನ ಮೇಲೂ ಕೆಲಸ ಮಾಡಿದವರು. ಗಾಯಗೊಂಡ ಒಂದು ಮಿನ್ನೋ ಎಂಬ ಪುಟ್ಟ ಮೀನನ್ನು ಅದರ ಗುಂಪಿಗೆ ಬಿಟ್ಟರೆ ಉಳಿದವು ಹೆದರಿ ಓಡುವುದನ್ನು ಕಂಡು, ಚರ್ಮದಿಂದ ಹೊರಬೀಳುವ ಭಯದ ವಸ್ತುವಿದೆ ಎಂದು 1938ರಲ್ಲಿ ಬರೆದರು. ಬೇರೆ ಮೀನುಗಳು ಅದನ್ನು ಮೂಗಿನಿಂದ ಹಿಡಿಯುತ್ತವೆ. ಅದು ಗದೆ ಕೋಶದಲ್ಲಿದೆ ಎಂದು ಆಮೇಲೆ ತಿಳಿದುಬಂತು. ನಮ್ಮ ಕಾಟ್ಲಾ, ರೋಹು, ಗೆಂಡೆ ಎಲ್ಲ ಅದೇ ಬಳಗದವು.

ಯಜಮಾನರಿಗೆ ಬಾಯಿಮಾತಲ್ಲಿ ಹೇಳಿದರೆ ನಂಬುವವರಲ್ಲ. ಮೂರು ಟಬ್ಬುಗಳಲ್ಲಿ ಹತ್ತು ಹತ್ತು ರೋಹು ಮರಿ ಬಿಟ್ಟು ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ಮೊದಲ ಟಬ್ಬಿಗೆ ಒಂದು ಲೋಟ ಬರೀ ನೀರು. ಮರಿಗಳು ಬೆಚ್ಚಿ, ಎರಡೇ ನಿಮಿಷದಲ್ಲಿ ಮತ್ತೆ ಆಡತೊಡಗಿದವು. ಎರಡನೆಯದಕ್ಕೆ ಆಗಷ್ಟೇ ಕೊಂದ ರೋಹುವಿನ ಮಾಂಸ ತೊಳೆದ ನೀರು. ಸ್ವಲ್ಪ ತಡವಾಯಿತು, ಅಷ್ಟೇ. ಮೂರನೆಯದಕ್ಕೆ ಅದೇ ಮೀನಿನ ಚರ್ಮ ಕೆರೆದ ನೀರು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಒಂದು ಮರಿ ಚಂಗನೆ ಓಡಿತು. ಹಿಂದೆಯೇ ಹತ್ತೂ ಓಡಿ ತಳದ ಒಂದು ಮೂಲೆಗೆ ಒತ್ತಿಕೊಂಡು, ರೆಕ್ಕೆಯೂ ಅಲ್ಲಾಡಿಸದೆ ನಿಂತುಬಿಟ್ಟವು. ತೌಡು ಹಾಕಿದರೆ ತಲೆಯ ಮೇಲೇ ತೇಲಿಹೋಯಿತು.

ಯಜಮಾನರು ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. "ಅವತ್ತ ಹೊಂಡಕ್ಕ ನಾವು ಇದನ್ನ ಬಕೆಟ್ಗಟ್ಲೆ ಸುರುದಂಗಾತಲ್ರಿ," ಅಂದರು.

ಹೌದು ಅಂದೆ, ಬಹಳ ಉಮೇದಿನಿಂದ. ರಾತ್ರಿ ಕೂತು ಯೋಚಿಸಿದಾಗ ಲೆಕ್ಕ ಪೂರ್ತಿ ಕೂಡಲಿಲ್ಲ. ಆ ವಸ್ತುವಿನ ಬಲ ನೀರಲ್ಲಿ ಕೆಲವು ಗಂಟೆಗಳಲ್ಲೇ ಕುಂದುತ್ತದೆ. ಮೊದಲ ಸಂಜೆಯ ಉಪವಾಸಕ್ಕೆ ಅದು ಕಾರಣವಿರಬಹುದು. ಮೂರು ದಿನಕ್ಕೆ ಸಾಲದು. ಹರಿದ ಚರ್ಮದಿಂದ ಮೀನಿನ ಮೈಯ ಉಪ್ಪು ಹೊರಗೆ ಸೋರುತ್ತದೆ, ಹೊರಗಿನ ನೀರು ಒಳಗೆ ನುಗ್ಗುತ್ತದೆ. ಆ ಬಳಲಿಕೆಯಲ್ಲಿ ತಿಂಡಿ ಯಾರಿಗೆ ಬೇಕು? ಮರುದಿನ ಹೋಗಿ, ನಿನ್ನೆ ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿ ಅಂತ ಹೇಳಿ ಬಂದೆ.

ಗದೆ ಕೋಶದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ನನಗೆ ಇಷ್ಟವಾದ ಒಗಟು ಇದು. ತಾನು ಸಿಕ್ಕಿಬಿದ್ದ ಮೇಲೆ ಮಾತ್ರ ಒಡೆಯುವ ಕೋಶದಿಂದ ಆ ಮೀನಿಗೇನು ಲಾಭ? ಉಳಿದವು ಬಚಾವಾಗುತ್ತವೆ, ಇದು ಸಾಯುತ್ತದೆ. ಸುಮ್ನೆ ಯಾರಾದರೂ ಅಂಥ ಕೋಶ ಸಾಕುತ್ತಾರಾ? 2007ರಲ್ಲಿ ಡಗ್ಲಸ್ ಚೈವರ್ಸ್ ಮತ್ತು ಜೊತೆಗಾರರು ಬೇರೆಯೇ ವಿವರಣೆ ಮುಂದಿಟ್ಟರು. ಮಿನ್ನೋಗಳನ್ನು ಸಪ್ರೊಲೆಗ್ನಿಯಾ ಇರುವ ನೀರಿಗೆ ಬಿಟ್ಟಾಗ ಚರ್ಮದಲ್ಲಿ ಗದೆ ಕೋಶ ಜಾಸ್ತಿಯಾದವು. ಅಂದರೆ ಈ ಕೋಶದ ಮೊದಲ ಕೆಲಸ ಬೂಷ್ಟು, ಪರಾವಲಂಬಿ, ಬಿಸಿಲಿನ ಅತಿನೇರಳೆ ಕಿರಣಗಳಿಂದ ತನ್ನ ಚರ್ಮ ಕಾಯುವುದು ಇರಬೇಕು, ನೆರೆಯವರಿಗೆ ಸುದ್ದಿ ಮುಟ್ಟಿಸುವುದು ಆಮೇಲಿನದು ಎಂಬುದು ಅವರ ವಾದ. ಆಮೇಲಿನ ಪ್ರಯೋಗಗಳೆಲ್ಲ ಇದಕ್ಕೆ ಒಂದೇ ದನಿಯಲ್ಲಿ ಹೂಂ ಅಂದಿಲ್ಲ. ಆದರೂ ನಮ್ಮ ಹೊಂಡದ ಬೂಷ್ಟೂ ಅದೇ ಸಪ್ರೊಲೆಗ್ನಿಯಾ ಎಂಬುದು ನನ್ನ ತಲೆಯಲ್ಲಿ ಉಳಿಯಿತು.

ಸುಮ್ಮನಿರುವ ನಿರ್ಧಾರ

ಈಗ ಏನು ಮಾಡುವುದು? ಪುಸ್ತಕ ಉಪ್ಪಿನ ನೀರಲ್ಲಿ ಅದ್ದಿ ಅನ್ನುತ್ತದೆ: ಹತ್ತು ಲೀಟರಿಗೆ 200ರಿಂದ 300 ಗ್ರಾಂ ಉಪ್ಪು, ಒಂದೆರಡು ನಿಮಿಷ. ಒಳ್ಳೆಯ ಉಪಾಯವೇ. ಆದರೆ ಅದ್ದಬೇಕಾದರೆ ಹಿಡಿಯಬೇಕು, ಹಿಡಿಯಬೇಕಾದರೆ ಬಲೆ ಎಳೆಯಬೇಕು. 19 ಡಿಗ್ರಿ ನೀರಲ್ಲಿ, ಈಗಷ್ಟೇ ಚರ್ಮ ಕೂಡುತ್ತಿರುವ ಮೀನನ್ನು ಮತ್ತೆ ತರಚಿ, ಆಮೇಲೆ ಮದ್ದು ಹಾಕಿದ ಹಾಗೆ. ಬೇಡ ಅಂದೆ.

ಯಜಮಾನರಿಗೆ ಇದು ಸೇರಲಿಲ್ಲ. ದಿನಾ ಎರಡು ಮೂರು ಮೀನು ಸಾಯುವಾಗ ಏನೂ ಮಾಡಬೇಡಿ ಅನ್ನುವ ಸಲಹೆಗಾರ ಯಾರಿಗೆ ಬೇಕು? ಅವರ ಮಗ ಮೂರನೇ ಸಲ ಪರ್ಮಾಂಗನೇಟ್ ತಂದೇ ಇಟ್ಟಿದ್ದ. ಆ ಡಬ್ಬ ಹಾಕಿಸದೆ ಉಳಿಸಿದ್ದೇ ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅಂತ ಈಗಲೂ ಅನಿಸುತ್ತದೆ. ಕೊನೆಗೆ ಒಂದು ನಡುದಾರಿಗೆ ಬಂದೆವು. ತಾನಾಗಿ ದಂಡೆಗೆ ಬಂದು ನಿಂತ ಬಳಲಿದ ಮೀನನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಎತ್ತಿ ಅದ್ದುವುದು. ಹಾಗೆ 14 ಸಿಕ್ಕವು, 9 ಬದುಕಿದವು. ಸತ್ತವನ್ನು ದಿನಾ ತೆಗೆದು ಸುಣ್ಣ ಹಾಕಿ ಹೂಳುವುದು. ತಿಂಡಿ ಕಾಲು ಭಾಗ.

ಮುಂದಿನ ಎರಡು ವಾರದಲ್ಲಿ ಇನ್ನೂ 22 ಸತ್ತವು, ಅದ್ದಿದ ಐದೂ ಸೇರಿ. ಸಂಕ್ರಾಂತಿ ಹೊತ್ತಿಗೆ ಸಾವು ನಿಂತಿತು. ಒಟ್ಟು 69.

ಫೆಬ್ರುವರಿಯಿಂದ ಮೇವರೆಗೆ

ಮುಂದಿನ ತೂಕ ಫೆಬ್ರುವರಿ ಕೊನೆಗೆ, ನೀರು ಬೆಚ್ಚಗಾದ ಮೇಲೆ. ಹಿಂದಿನ ದಿನ ತಿಂಡಿ ಇಲ್ಲ. ಸೊಳ್ಳೆ ಪರದೆಯಂಥ ಮೆತ್ತನೆ ಗಂಟಿಲ್ಲದ ಬಲೆ. 150ರ ಬದಲು 15 ಮೀನು. ಚೀಲ ಇಲ್ಲ. ಅರ್ಧ ಬಕೆಟ್ ನೀರು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡು, ಮೀನು ಬಿಟ್ಟು ಮತ್ತೆ ನೋಡುವುದು. ಹೆಚ್ಚಿಗೆ ಬಂದದ್ದು ಮೀನಿನ ತೂಕ. ಮೀನು ಒಣ ಜಾಗಕ್ಕೆ ತಾಗುವ ಪ್ರಶ್ನೆಯೇ ಇಲ್ಲ. ಮುಟ್ಟಲೇಬೇಕಾದರೆ ಕೈ ಒದ್ದೆ ಮಾಡಿಕೊಂಡು. ಬೀಗರು ಬಂದರೆ ದಂಡೆಯ ಮೇಲೆ ನಿಂತು ನೋಡಲಿ ಅಂತ ಯಜಮಾನರೇ ಹೇಳಿದರು.

ಎರಡು ಮೀನು ಸತ್ತವು. ಉಳಿದವು ಮರುದಿನ ಸಂಜೆ ತಿಂಡಿಗೆ ಬಂದವು.

ಇದನ್ನು ಓದಿ ಬಲೆ ಬದಲಿಸಿದರೆ ಸಾಕು ಅನ್ನಬೇಡಿ. ನಾವು ಬಲೆ, ಚೀಲ, ಸಂಖ್ಯೆ, ಕಾಲ ಎಲ್ಲವನ್ನೂ ಒಟ್ಟಿಗೆ ಬದಲಿಸಿದೆವು. ಯಾವುದು ಎಷ್ಟು ಉಪಕಾರ ಮಾಡಿತು ಅಂತ ಈ ಒಂದು ಹೊಂಡದಿಂದ ಹೇಳಲಾಗದು. ಒಂದನ್ನೇ ಆರಿಸು ಅಂದರೆ ನಾನು ಚೀಲ ಬಿಡಿಸುತ್ತೇನೆ, ಎರಡನೆಯದು ಡಿಸೆಂಬರ್, ಜನವರಿಯ ಬಲೆ. ಸತ್ತ ಮೀನನ್ನು ಎಸೆಯುವ ಮೊದಲು ಸಾಲಾಗಿಟ್ಟು ಗಾಯ ಎಲ್ಲಿದೆ ನೋಡುವುದು ಇನ್ನೊಂದು. ನೀರಿನ ತೊಂದರೆಯಾದರೆ ಪಕ್ಕೆ ಆರಿಸಿಕೊಂಡು ನೇಯ್ಗೆಯ ಗುರುತು ಬರುವುದಿಲ್ಲ.

ಮೇ ತಿಂಗಳಲ್ಲಿ ಹೊಂಡ ಖಾಲಿ ಮಾಡಿದಾಗ 486 ಮೀನು ಸಿಕ್ಕವು. ಲೆಕ್ಕಕ್ಕೆ ಸಿಗದ 40ರಲ್ಲಿ ಮಿಂಚುಳ್ಳಿ, ಕೊಕ್ಕರೆಗಳ ಪಾಲು ಎಷ್ಟೋ. ಯಜಮಾನರಿಗೆ ನಷ್ಟವಾಗಲಿಲ್ಲ, ಅಂದುಕೊಂಡಷ್ಟು ಲಾಭವೂ ಬರಲಿಲ್ಲ.

ಜುಲೈಯಲ್ಲಿ ಯಾದಗಿರಿ ಕಡೆಯಿಂದ ಇನ್ನೊಬ್ಬರ ಫೋನ್ ಬಂತು, ಮೀನು ಸಾಯುತ್ತಿವೆ ಅಂತ. ಬಲೆ ಯಾವತ್ತು ಎಳೆದಿರಿ, ತೂಕ ಯಾವುದರಲ್ಲಿ ಮಾಡಿದಿರಿ ಅಂತ ಒಂದೇ ಉಸಿರಿಗೆ ಕೇಳಿದೆ. ಬಲೆ ಎಳೆದೇ ಇರಲಿಲ್ಲ. ನಾಲ್ಕು ದಿನದಿಂದ ಮೋಡ ಮುಚ್ಚಿತ್ತು, ನೀರು ಹಸಿರುಗಟ್ಟಿತ್ತು, ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅಲ್ಲಿ ನಿಜಕ್ಕೂ ಆಮ್ಲಜನಕವೇ ಕಡಿಮೆಯಾಗಿತ್ತು.